ದೀರ್ಘಕಾಲಿಕ ಕಾಯಿಲೆಯ ಮಕ್ಕಳ ಶುಶ್ರೂಷೆ: ಅಮೆರಿಕದಲ್ಲಿ ಉನ್ನತ ಶಿಕ್ಷಣದ ಇತಿಹಾಸ

ಮಧುಮೇಹ, ಹುಟ್ಟು ಹೃದ್ರೋಗ, ಸಿಸ್ಟಿಕ್ ಫೈಬ್ರೋಸಿಸ್‌ನಂತಹ ವರ್ಷಗಟ್ಟಲೆ ಬಿಡದ ಕಾಯಿಲೆಗಳಿರುವ ಮಕ್ಕಳ ಆರೈಕೆಗೆ ಮುಂದಾಳಾಗಬಲ್ಲ ನರ್ಸುಗಳಿಗೆ ಕೊಡುವ ಸ್ನಾತಕೋತ್ತರ ಹಾಗೂ ಡಾಕ್ಟರೇಟ್ ಮಟ್ಟದ ಶಿಕ್ಷಣದ ಕಥೆಯಿದು. 1922ರಲ್ಲಿ ಇನ್ಸುಲಿನ್ ಚಿಕಿತ್ಸೆ ಬರುವ ಮೊದಲು ಟೈಪ್ 1 ಮಧುಮೇಹದ ಮಗು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಔಷಧ, ಶಸ್ತ್ರಚಿಕಿತ್ಸೆಗಳು ಇಂತಹ ಮಕ್ಕಳನ್ನು ಉಳಿಸತೊಡಗಿದ ಮೇಲೆ, ಉಳಿದವರನ್ನು ದಿನದಿನವೂ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಎದ್ದಿತು. 1935ರ ಸಾಮಾಜಿಕ ಭದ್ರತಾ ಕಾಯ್ದೆಯ ಐದನೆಯ ಅಧ್ಯಾಯ ಅಂಗವಿಕಲ ಮಕ್ಕಳ ಸೇವೆಗೆ ಕೇಂದ್ರ ಸರ್ಕಾರದ ಹಣ ಒದಗಿಸಿತು. ಮುಂದೆ ನರ್ಸುಗಳ ತರಬೇತಿಗೂ ಇದೇ ಕಾಯ್ದೆ ಆಸರೆಯಾಯಿತು.

1965ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟಾ ಫೋರ್ಡ್ ಮತ್ತು ಮಕ್ಕಳ ವೈದ್ಯ ಹೆನ್ರಿ ಸಿಲ್ವರ್ ಮೊದಲ ನರ್ಸ್ ಪ್ರಾಕ್ಟಿಷನರ್ (ರೋಗಿಯನ್ನು ತಾವೇ ಪರೀಕ್ಷಿಸಿ ಚಿಕಿತ್ಸೆ ಕೊಡಬಲ್ಲ ನರ್ಸ್) ತರಬೇತಿ ಆರಂಭಿಸಿದರು. ಫೋರ್ಡ್ ಹಳ್ಳಿಗಾಡಿನಲ್ಲಿ ಸಾರ್ವಜನಿಕ ಆರೋಗ್ಯ ನರ್ಸ್ ಆಗಿ ದುಡಿದವರು. ವೈದ್ಯರಿಲ್ಲದ ಊರಲ್ಲಿ ತಾಯಂದಿರು ಯಾರನ್ನು ಕೇಳುತ್ತಾರೆಂದು ಕಂಡಿದ್ದವರು. ಅವರಿಗೆ ಕಟು ವಿರೋಧ ಬಂದದ್ದು ನರ್ಸಿಂಗ್ ಅಧ್ಯಾಪಕರಿಂದಲೇ. ಆದರೂ ಈ ತರಬೇತಿ ದೇಶದೆಲ್ಲೆಡೆ ಹರಡಿ, ಕ್ರಮೇಣ ಸ್ನಾತಕೋತ್ತರ ಪದವಿಯಾಯಿತು.

ಆರೈಕೆ ಆಸ್ಪತ್ರೆಯಿಂದ ಮನೆಗೆ ಬಂದ ಕಥೆಯಲ್ಲಿ ಅಯೋವಾದ ಕೇಟೀ ಬೆಕೆಟ್ ಎಂಬ ಪುಟ್ಟ ಹುಡುಗಿಯನ್ನು ಮರೆಯುವಂತಿಲ್ಲ. ಮಿದುಳಿನ ಸೋಂಕಿನಿಂದಾಗಿ ಅವಳಿಗೆ ಉಸಿರಾಟದ ಯಂತ್ರ ಬೇಕಾಗಿತ್ತು. ಆಸ್ಪತ್ರೆಯಲ್ಲೇ ಇದ್ದರೆ ಸರ್ಕಾರಿ ನೆರವು, ಮನೆಗೆ ಹೋದರೆ ಇಲ್ಲ ಎಂಬುದು ಆಗಿನ ನಿಯಮ. ಮನೆಯ ಆರೈಕೆಗೆ ಖರ್ಚು ಎಷ್ಟೋ ಕಡಿಮೆಯಿತ್ತು. 1981ರಲ್ಲಿ ಅಧ್ಯಕ್ಷ ರೇಗನ್ ಈ ಪ್ರಕರಣವನ್ನು ಪ್ರಸ್ತಾಪಿಸಿದ ಮೇಲೆ ನಿಯಮ ಸಡಿಲಗೊಂಡು ಅವಳು ಮನೆ ಸೇರಿದಳು. ಇಂತಹ ಮಗು ಮನೆಗೆ ಬಂದಾಗ ತಾಯಿ ಗಂಟಲಿನ ಕೊಳವೆಯ ಕಫ ಹೀರಿ ತೆಗೆಯುವುದನ್ನು ಕಲಿಯಬೇಕು, ಕರೆಂಟು ಹೋದರೆ ಏನು ಮಾಡಬೇಕೆಂದು ತಿಳಿದಿರಬೇಕು, ಶಾಲೆಯವರನ್ನು ಒಪ್ಪಿಸಬೇಕು. ಇಷ್ಟನ್ನೂ ಹೊಂದಿಸಿಕೊಡುವ ನರ್ಸಿಗೆ ವಾರ್ಡಿನ ಅನುಭವವೊಂದೇ ಸಾಲದು.

1987ರಲ್ಲಿ ಸರ್ಜನ್ ಜನರಲ್ ಸಿ. ಎವರೆಟ್ ಕೂಪ್ ಕುಟುಂಬವೇ ಕೇಂದ್ರವಾದ ಆರೈಕೆಗೆ ಕರೆಕೊಟ್ಟರು. ಸಾಮಾಜಿಕ ಭದ್ರತಾ ಕಾಯ್ದೆಯ 1989ರ ತಿದ್ದುಪಡಿ ಅದನ್ನು ಕಾನೂನಿಗೆ ತಂದಿತು. ಕೇಂದ್ರ ಸರ್ಕಾರದ ತಾಯಿ-ಮಕ್ಕಳ ಆರೋಗ್ಯ ಬ್ಯೂರೊದ ಅನುದಾನದಿಂದ ಮಿನ್ನೆಸೋಟ ಮೊದಲಾದ ವಿಶ್ವವಿದ್ಯಾಲಯಗಳ ನರ್ಸಿಂಗ್ ಶಾಲೆಗಳು ಕುಟುಂಬದ ಜೊತೆಗಾರಿಕೆ, ಆರೋಗ್ಯ ನೀತಿ, ಸಂಶೋಧನೆಗಳನ್ನು ಕಲಿಸಿದವು. 2004ರಲ್ಲಿ ಅಮೆರಿಕದ ನರ್ಸಿಂಗ್ ಕಾಲೇಜುಗಳ ಸಂಘ ಉನ್ನತ ಮಟ್ಟದ ನರ್ಸಿಂಗ್ ವೃತ್ತಿಗೆ ಡಾಕ್ಟರೇಟ್ ಇರಬೇಕೆಂದು ನಿರ್ಣಯಿಸಿತು.

ಇನ್ನು ನಮ್ಮ ಕಡೆ ನೋಡಿದರೆ, ಭಾರತದ ಮೊದಲ ನರ್ಸಿಂಗ್ ಸ್ನಾತಕೋತ್ತರ ತರಗತಿ 1959ರಲ್ಲಿ ದೆಹಲಿಯ ರಾಜಕುಮಾರಿ ಅಮೃತ್ ಕೌರ್ ಕಾಲೇಜಿನಲ್ಲಿ ಶುರುವಾಯಿತು. ಕರ್ನಾಟಕದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಎರಡು ವರ್ಷದ ಎಂ.ಎಸ್ಸಿ. ನರ್ಸಿಂಗ್‌ನಲ್ಲಿ ಮಕ್ಕಳ ಶುಶ್ರೂಷೆ ಒಂದು ವಿಶೇಷ ವಿಭಾಗ. ಇಲ್ಲಿ ಕಲಿತವರಲ್ಲಿ ಅನೇಕರು ಬೋಧನೆಗೆ ಹೋಗುತ್ತಾರೆ. ಮನೆ ಸೇರಿದ ಮಗುವಿನ ಬೆನ್ನಿಗೆ ನಿಲ್ಲುವ ಹುದ್ದೆಗಳನ್ನೂ ಸರ್ಕಾರ ಸೃಷ್ಟಿಸಬೇಕು.