ಮನೆತನದ ವಂಶಾವಳಿ ಮತ್ತು ಹಸ್ತಪ್ರತಿಯ ಪ್ರಶಸ್ತಿ

ಜಗಳೂರು ತಾಲ್ಲೂಕಿನ ಬಿಳಿಚೋಡು ಹೋಬಳಿಯ ಮನೆತನವೊಂದರ ಪೂರ್ವವೃತ್ತಾಂತವನ್ನು ವಿರಾಮಕಾಲದ ಹವ್ಯಾಸವಾಗಿ ಶೋಧಿಸಹೊರಟವನಿಗೆ ಮೊದಲು ಎದುರಾಗುವ ತೊಡಕು ಗಡಿಗಳದು. ಈ ಸೀಮೆ 1997ರವರೆಗೆ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದುದರಿಂದ ಇಲ್ಲಿನ ಶಾಸನಗಳನ್ನು ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 11ನೆಯ ಸಂಪುಟದಲ್ಲಿ ಅರಸಬೇಕು. ಇಂದು ಅದೇ ದಾವಣಗೆರೆ ಜಿಲ್ಲೆಯಲ್ಲಿರುವ ಚನ್ನಗಿರಿ, ಹೊನ್ನಾಳಿಗಳಿಗೆ ಶಿವಮೊಗ್ಗದ 7ನೆಯ ಸಂಪುಟವೇ ಗತಿ. ನೆರೆಯ ಕೂಡ್ಲಿಗಿ, ಹರಪನಹಳ್ಳಿಗಳಾದರೋ 1953ರವರೆಗೆ ಮದರಾಸಿನ ಆಡಳಿತದಲ್ಲಿದ್ದವು. ಹೆಣ್ಣು ಕೊಟ್ಟು ತರುವ ಸಂಬಂಧಗಳು ಈ ಗಡಿಯನ್ನು ಲೆಕ್ಕಿಸಲಿಲ್ಲ, ದಫ್ತರಗಳು ಲೆಕ್ಕಿಸಿದವು.

ಎರಡನೆಯ ತೊಡಕು ಕಾಲನಿರ್ಣಯದ್ದು. ಹಳೆಯ ಕಡತ, ಕರಾರುಪತ್ರಗಳಲ್ಲಿ ಶಕವರ್ಷವಿಲ್ಲದೆ ಸಂವತ್ಸರವೊಂದೇ ಇರುವುದುಂಟು. ದುಂದುಭಿ ಎಂದರೆ 1862 ಆಗಬಹುದು, 1922 ಆಗಬಹುದು. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ವಾಡಿಕೆಯುಳ್ಳ ನಾಡಿನಲ್ಲಿ ಅರುವತ್ತು ವರ್ಷಗಳ ಅಂತರವೆಂದರೆ ಸರಿಯಾಗಿ ಅಜ್ಜ ಮೊಮ್ಮಕ್ಕಳ ಅಂತರ. ಇಬ್ಬರೂ ಒಬ್ಬನೇ ಎಂದು ಭ್ರಮಿಸುವುದು ಸುಲಭ.

ಸುಗ್ಗಿಯ ನಂತರ ಎತ್ತನ್ನೇರಿ ಬಂದು, ಒಕ್ಕಲುಮನೆಯ ವಂಶವನ್ನು ಹೊಗಳಿ, ದವಸಧಾನ್ಯ ಪಡೆದು ಹೋಗುತ್ತಿದ್ದ ಹೆಳವರ ವಂಶಾವಳಿ ಇಂಥಲ್ಲಿ ಅಮೂಲ್ಯವಾದುದು. ಮೂಲಸ್ಥಳ, ವಲಸೆ, ಕವಲೊಡೆದ ಮನೆಗಳು ಇವುಗಳ ನೆನಪನ್ನು ಅವರಷ್ಟು ಕಾಪಾಡಿದವರು ಕಡಿಮೆ. ಆದರೆ ಆ ವಂಶಾವಳಿಯೂ, ಪೌತಿ ಖಾತೆಗಾಗಿ ಬರೆಯಿಸುತ್ತಿದ್ದ ವಂಶವೃಕ್ಷವೂ ಪ್ರಾಯಃ ತಂದೆಯಿಂದ ಮಗನಿಗೆ ಇಳಿಯುತ್ತವೆ. ತಾಯಂದಿರು ಯಾರು, ಯಾವ ಊರಿನಿಂದ ಬಂದರು ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಅಪರೂಪ.

ಆ ಉತ್ತರವನ್ನು ಜೈನ ಆಕರಗಳು ಹಲವೆಡೆ ಉಳಿಸಿಕೊಂಡು ಬಂದಿವೆ. ಶಾಸ್ತ್ರದಾನವೂ ಬಸದಿಯ ದತ್ತಿಯೂ ಸ್ತ್ರೀಯರ ಕೈಯಿಂದ ನಡೆದಾಗ ಅವರ ಹೆಸರನ್ನು ಹೇಳದೆ ವಿಧಿಯಿಲ್ಲವಷ್ಟೆ. ರನ್ನನ ಅಜಿತಪುರಾಣ (993) ಇದಕ್ಕೆ ಪ್ರಸಿದ್ಧ ನಿದರ್ಶನ. ವೆಂಗಿಮಂಡಲದ ನಾಗಮಯ್ಯನಿಂದ ಮೊದಲ್ಗೊಂಡು ಅವನ ಮಕ್ಕಳಾದ ಮಲ್ಲಪಯ್ಯ, ಪೊನ್ನಮಯ್ಯ, ಮಲ್ಲಪಯ್ಯನ ಪತ್ನಿ ಅಪ್ಪಕಬ್ಬೆ, ಪುತ್ರಿಯರಾದ ಅತ್ತಿಮಬ್ಬೆ, ಗುಂಡಮಬ್ಬೆ ಎಲ್ಲರೂ ಅಲ್ಲಿ ಬರುತ್ತಾರೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪ್ರಸಿದ್ಧಳಾದ ಅತ್ತಿಮಬ್ಬೆಯ ಕೀರ್ತಿಗೆ 1007ರ ಲಕ್ಕುಂಡಿಯ ಶಾಸನವೂ ಸಾಕ್ಷಿ.

ಪಂಪನ ಮನೆತನದ ವಿಷಯ ಇನ್ನೂ ಬೋಧಪ್ರದವಾದುದು. ವಿಕ್ರಮಾರ್ಜುನವಿಜಯದಲ್ಲಿ ಕವಿ ತನ್ನ ವಂಶವನ್ನು ಮಾಧವ ಸೋಮಯಾಜಿಯಿಂದ ತಂದೆ ಅಭಿರಾಮದೇವರಾಯನವರೆಗೆ ಹೇಳಿಕೊಂಡಿದ್ದಾನೆ. ಬಹುಕಾಲ ವಿದ್ವಾಂಸರ ಆಧಾರ ಅಷ್ಟೇ ಆಗಿತ್ತು. ತೆಲಂಗಾಣದ ಕರೀಂನಗರ ಸೀಮೆಯ ಕುರಿಕ್ಯಾಲದ ಬಳಿ, ಬೊಮ್ಮಲಗುಟ್ಟದ ಬಂಡೆಯ ಮೇಲಿನ ಶಾಸನ ಬೆಳಕಿಗೆ ಬಂದಮೇಲೆ ಪಂಪನಿಗೆ ಜಿನವಲ್ಲಭನೆಂಬ ತಮ್ಮನಿದ್ದುದೂ, ತಾಯಿ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಅಬ್ಬಣಬ್ಬೆ ಎಂಬುದೂ ತಿಳಿದುಬಂದವು. ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳಿರುವ ಆ ಶಾಸನದಲ್ಲಿ ತಂದೆಯ ಹೆಸರು ಭೀಮಪಯ್ಯ. ಹೆಸರು ಬೇರೆಯಾದ ಮಾತ್ರಕ್ಕೆ ಒಂದು ಆಕರವನ್ನು ತಳ್ಳಿಹಾಕದೆ, ಇಬ್ಬರೂ ಒಬ್ಬನೇ ಎಂದು ವಿದ್ವಾಂಸರು ಸಮನ್ವಯಿಸಿರುವುದು ಸಾಮಾನ್ಯ ಮನೆತನದ ಶೋಧಕನಿಗೂ ದಾರಿದೀಪವಾಗಿದೆ. ಕನ್ನಡದ ಆದಿಕವಿಯ ತಾಯಿಯ ಹೆಸರು ಮಗನ ಕಾವ್ಯದಿಂದಲ್ಲ, ಇನ್ನೊಬ್ಬ ಮಗನು ಹಾಕಿಸಿದ ಶಾಸನದಿಂದ ದೊರೆಯಿತು!

ಹೀಗಿರುವಲ್ಲಿ, ಗ್ರಂಥ ಮುಗಿದ ಮೇಲೆ ಬರುವ ಬರೆದವನ, ಬರೆಯಿಸಿದವಳ ಸಾಲುಗಳನ್ನು ಅಲಕ್ಷಿಸುವುದು ಸಲ್ಲದು. ಗ್ರಂಥದ ಪಾಠ ಬೇರೆ ಪ್ರತಿಯಲ್ಲಿ ಸಿಕ್ಕೀತು. ಈ ಸಾಲುಗಳು ಆ ಒಂದೇ ಪ್ರತಿಯವು. ಮೂಡಬಿದಿರೆಯ ಮಹಾಬಂಧದ ತಾಳೆಯೋಲೆಯ ಪ್ರತಿಯನ್ನು ವ್ರತದ ಉದ್ಯಾಪನೆಗಾಗಿ ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದ ಮಲ್ಲಿಕಬ್ಬೆ ನಮಗೆ ತಿಳಿದಿರುವುದು ಅಂತಹ ಪ್ರಶಸ್ತಿಯಿಂದಲೇ. ಓಲೆಯ ಕಟ್ಟಿನಲ್ಲಿ ಮೊದಲು ಮುರಿಯುವುದು ಹೊರಗಿನ ಗರಿಗಳು. ಪ್ರಶಸ್ತಿ ಇರುವುದು ಅಲ್ಲಿಯೇ. ಮನೆಯ ಅಟ್ಟದಿಂದ ಕಟ್ಟೊಂದು ಇಳಿದಾಗ ಕೊನೆಯ ಗರಿಯನ್ನು ಮೊದಲು ಪ್ರತಿಮಾಡಿಕೊಳ್ಳುವುದು ಒಳ್ಳೆಯದು.