ಹ್ಯಾಲೊವೀನ್ ಹಬ್ಬವೂ ಅದನ್ನು ಒಲ್ಲದ ಮನೆಗಳೂ

ಹಬ್ಬಗಳ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಹಬ್ಬ ಮಾಡಿದವರ ಮಾತನ್ನೇ ಕೇಳಿ ಬರೆಯುತ್ತಾರೆ. ಹಬ್ಬವನ್ನು ಒಲ್ಲದೆ ಬಾಗಿಲು ಮುಚ್ಚಿಕೊಂಡವರ ಸಂಗತಿ ಆ ಚರಿತ್ರೆಯಲ್ಲಿ ಒಂದೆರಡು ಪಂಕ್ತಿಗಳಲ್ಲಿ ಮುಗಿದುಹೋಗುತ್ತದೆ. ಆದರೆ ಹಬ್ಬವೊಂದರ ಹಿಂದೆ ಎಂತಹ ನಂಬಿಕೆಯಿದ್ದಿತೆಂಬುದನ್ನು, ಅದನ್ನು ನಲಿದಾಚರಿಸುವವರಿಗಿಂತ, ಅದಕ್ಕೆ ಅಂಜಿ ದೂರ ನಿಂತವರೇ ಕೆಲವೊಮ್ಮೆ ಹೆಚ್ಚು ಕಾಲ ನೆನಪಿಟ್ಟಿರುತ್ತಾರೆ. ಪಾಶ್ಚಾತ್ಯರ ಹ್ಯಾಲೊವೀನ್ ಹಬ್ಬವು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ. ಅದರ ಚರಿತ್ರೆಯನ್ನು ಒಲ್ಲದವರ ಕಡೆಯಿಂದ ನೋಡುವುದು ಈ ಲೇಖನದ ಉದ್ದೇಶ.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಅಕ್ಟೋಬರ್ 31ರ ಸಂಜೆ ಮಕ್ಕಳು ಭೂತ, ಪಿಶಾಚಿ, ಮಾಟಗಾತಿ, ಅಸ್ಥಿಪಂಜರ ಮೊದಲಾದ ವೇಷಗಳನ್ನು ಧರಿಸಿ ಮನೆಮನೆಯ ಬಾಗಿಲನ್ನು ತಟ್ಟಿ ಮಿಠಾಯಿ ಬೇಡುತ್ತಾರೆ. ತಿರುಳನ್ನು ತೆಗೆದು ಕಣ್ಣು ಬಾಯಿಗಳನ್ನು ಕೊರೆದ ಕುಂಬಳಕಾಯಿಯೊಳಗೆ ದೀಪವಿಟ್ಟು ಹೊಸ್ತಿಲ ಬಳಿ ಇರಿಸುತ್ತಾರೆ. ದೃಷ್ಟಿ ತಾಕದಿರಲೆಂದು ರಕ್ಕಸನ ಮೋರೆ ಬರೆದ ಕುಂಬಳಕಾಯಿಯನ್ನು ಹೊಸ ಮನೆಯ ಮುಂದೆ ಕಟ್ಟುವ ನಮಗೆ ಆ ನೋಟ ತೀರ ಅಪರಿಚಿತವೆನಿಸಲಾರದು. ಹೊರಗಿನ ದೀಪ ಉರಿಯುತ್ತಿದ್ದರೆ ಮಕ್ಕಳು ಬರಬಹುದೆಂದು ಅರ್ಥ. ಆರಿದ್ದರೆ ಆ ಮನೆಯನ್ನು ಬಿಟ್ಟು ಮುಂದೆ ಹೋಗುವುದು ವಾಡಿಕೆ. ದೀಪವಾರಿಸಿದ ಮನೆಗಳಲ್ಲಿ ಕೆಲವು ದೃಢಭಕ್ತರ ಮನೆಗಳು. ಅಲ್ಲಿ ಹುಟ್ಟಿದ ಮಕ್ಕಳು ಹಿಂದಿನ ಕೋಣೆಯಲ್ಲಿ ಕುಳಿತು ಬೀದಿಯ ನಗೆಯನ್ನೂ ಕಾಲಸಪ್ಪಳವನ್ನೂ ಕೇಳುತ್ತ ಆ ಸಂಜೆಯನ್ನು ಕಳೆಯುತ್ತಾರೆ. ಅವರು ಅಲ್ಲೇಕೆ ಕುಳಿತಿರುವರೆಂಬುದನ್ನು ಅರಿಯಬೇಕಾದರೆ ಸಾವಿರದ ಇನ್ನೂರು ವರ್ಷಗಳಷ್ಟು ಹಿಂದಕ್ಕೆ ಹೋಗಬೇಕಾಗುತ್ತದೆ.

ಹ್ಯಾಲೊವೀನ್ ಎಂಬ ಮಾತು ಎರಡು ಪದಗಳು ಕೂಡಿ ಆದುದು. ಹ್ಯಾಲೊ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಸಂತ. ಈನ್ ಎಂದರೆ ಸಂಜೆ. ನವೆಂಬರ್ 1 ಸಕಲ ಸಂತರ ದಿನವಾದುದರಿಂದ ಅದರ ಹಿಂದಿನ ಸಂಜೆಗೆ ಈ ಹೆಸರಾಯಿತು. ಕ್ರಿ. ಶ. 609ರಲ್ಲಿ ನಾಲ್ಕನೆಯ ಬೋನಿಫೇಸ್ ಪೋಪನು ರೋಮಿನ ಪ್ಯಾಂಥಿಯನ್ ಎಂಬ ಪ್ರಾಚೀನ ದೇವಾಲಯವನ್ನು ಮೇ ತಿಂಗಳಿನಲ್ಲಿ ಮೇರಿಗೂ ಹುತಾತ್ಮರಿಗೂ ಅರ್ಪಿಸಿದನು. ಎಂಟನೆಯ ಶತಮಾನದಲ್ಲಿ ಮೂರನೆಯ ಗ್ರೆಗರಿಯು ಸಂತ ಪೀಟರನ ದೇವಾಲಯದಲ್ಲಿ ಸಕಲ ಸಂತರ ಹೆಸರಿನಲ್ಲಿ ಒಂದು ಗುಡಿಯನ್ನು ಕಟ್ಟಿಸಿದನು. 835ರಲ್ಲಿ ಲೂಯಿ ಚಕ್ರವರ್ತಿಯು ತನ್ನ ರಾಜ್ಯದಲ್ಲೆಲ್ಲ ನವೆಂಬರ್ 1ರಂದೇ ಈ ಹಬ್ಬವನ್ನು ಆಚರಿಸಬೇಕೆಂದು ವಿಧಿಸಿದನು.

ಐರ್ಲೆಂಡಿನ ಕೆಲ್ಟ್ ಜನರಲ್ಲಿ ಅದೇ ದಿನ ಸೌವಿನ್ ಎಂಬ ಹಬ್ಬವಿದ್ದಿತು. ಸುಗ್ಗಿ ಮುಗಿದು ಚಳಿಗಾಲ ತೊಡಗುವ ಸಂಧಿ ಅದು. ಆ ರಾತ್ರಿ ಈ ಲೋಕಕ್ಕೂ ಅನ್ಯಲೋಕಕ್ಕೂ ನಡುವಣ ಬಾಗಿಲು ತೆರೆಯುವುದೆಂದು ಹಳೆಯ ಐರಿಷ್ ಕಥೆಗಳು ಹೇಳುತ್ತವೆ. ಕ್ರೈಸ್ತಸಭೆಯು ಆ ಹಬ್ಬವನ್ನು ಅಡಗಿಸುವುದಕ್ಕಾಗಿಯೇ ಸಂತರ ದಿನವನ್ನು ನವೆಂಬರಿಗೆ ತಂದಿತೆಂಬ ಮಾತು ಬಹಳ ಪ್ರಚಾರದಲ್ಲಿದೆ. ಆದರೆ ಸುಮಾರು 800ರ ಐರಿಷ್ ಸಂತಪಂಚಾಂಗದಲ್ಲಿ ಸಕಲ ಸಂತರ ದಿನವು ಏಪ್ರಿಲ್ 20ಕ್ಕೆ ಗೊತ್ತಾಗಿದೆ. ನವೆಂಬರಿನ ಆಚರಣೆ ಆ ಕಾಲಕ್ಕೆ ಇಂಗ್ಲೆಂಡು ಜರ್ಮನಿಗಳಲ್ಲಿ ಕಾಣುತ್ತದೆ. ಆದುದರಿಂದ ರೊನಾಲ್ಡ್ ಹಟ್ಟನ್ ಮುಂತಾದ ಇತಿಹಾಸಕಾರರು ಆ ಮಾತನ್ನು ಸುಲಭವಾಗಿ ಒಪ್ಪುವುದಿಲ್ಲ. ಹಬ್ಬವನ್ನು ಒಲ್ಲದವರು ಅದನ್ನು ಕೇವಲ ಅನ್ಯಮತದ ಉಳಿಕೆಯೆನ್ನುತ್ತಾರೆ. ಆಚರಿಸುವವರಲ್ಲಿಯೂ ಅನೇಕರು ಅದನ್ನೇ ಹೆಮ್ಮೆಯಿಂದ ಹೇಳುತ್ತಾರೆ. ಚರಿತ್ರೆಯ ಸಾಕ್ಷ್ಯವು ಇಬ್ಬರಿಗೂ ಪೂರ್ತಿಯಾಗಿ ಒದಗುವುದಿಲ್ಲ.

ಸಂತರ ದಿನಕ್ಕೆ ಮೃತರ ದಿನವೊಂದು ಸೇರಿದಾಗಲೇ ಹಬ್ಬಕ್ಕೆ ಅದರ ಗಂಭೀರವಾದ ಅರ್ಥ ಬಂದಿತು. ಸುಮಾರು 1000ನೆಯ ಇಸವಿಯ ಹೊತ್ತಿಗೆ ಫ್ರಾನ್ಸಿನ ಕ್ಲೂನಿ ಮಠದ ಅಧಿಪತಿಯಾದ ಓಡಿಲೋ ನವೆಂಬರ್ 2ನ್ನು ಸಕಲ ಮೃತರಿಗಾಗಿ ಪ್ರಾರ್ಥಿಸುವ ದಿನವನ್ನಾಗಿ ಮಾಡಿದನು. ಪಾಪಶೇಷವುಳ್ಳ ಆತ್ಮಗಳು ಪರ್ಗೆಟರಿ ಎಂಬ ಶುದ್ಧೀಕರಣಲೋಕದಲ್ಲಿ ಬೇಯುತ್ತಿರುವುವೆಂದೂ ಬದುಕಿರುವವರ ಪ್ರಾರ್ಥನೆಯಿಂದ ಅವುಗಳ ಬೇಗೆ ತಗ್ಗುವುದೆಂದೂ ಆಗಿನ ನಂಬಿಕೆ. ಇಂಗ್ಲೆಂಡಿನಲ್ಲಿ ಆ ರಾತ್ರಿ ಆತ್ಮಗಳ ಸಮಾಧಾನಕ್ಕಾಗಿ ಚರ್ಚಿನ ಗಂಟೆಗಳನ್ನು ಬಾರಿಸುತ್ತಿದ್ದರು. ಬಡವರು ಮನೆಮನೆಗೆ ಹೋಗಿ ಆತ್ಮದ ರೊಟ್ಟಿ ಎಂಬ ಸಣ್ಣ ರೊಟ್ಟಿಗಳನ್ನು ಪಡೆದು, ಕೊಟ್ಟವರ ಮನೆಯ ಮೃತರಿಗಾಗಿ ಪ್ರಾರ್ಥಿಸುತ್ತಿದ್ದರು. ಪಿತೃಪಕ್ಷದಲ್ಲಿ ಎಡೆಯಿಡುವ ನಮ್ಮ ಮನೆಗಳಿಗೆ ಈ ಭಾವವನ್ನು ವಿವರಿಸಬೇಕಾಗಿಲ್ಲ. ಮಂಗಳೂರಿನ ರೋಮನ್ ಕೆಥೊಲಿಕರು ನವೆಂಬರ್ 2ರಂದು ಸ್ಮಶಾನಕ್ಕೆ ಹೋಗಿ ಹಿರಿಯರ ಗೋರಿಗಳ ಮೇಲೆ ಮೇಣದಬತ್ತಿ ಹಚ್ಚುವುದು ಇದೇ ಪರಂಪರೆಯ ಒಂದು ಶಾಖೆ.

ಈ ಪರಂಪರೆಗೆ ಮೊದಲನೆಯ ದೊಡ್ಡ ಪೆಟ್ಟು ಬಿದ್ದುದು ಹಬ್ಬದ ಹಿಂದಿನ ದಿನವೇ ಎಂಬುದು ವಿಚಿತ್ರ. 1517ರ ಅಕ್ಟೋಬರ್ 31ರಂದು ಮಾರ್ಟಿನ್ ಲೂಥರನು ಪಾಪಪರಿಹಾರ ಪತ್ರಗಳ ಮಾರಾಟವನ್ನು ಖಂಡಿಸಿ ತೊಂಬತ್ತೈದು ಸೂತ್ರಗಳನ್ನು ಪ್ರಕಟಪಡಿಸಿದನು. ವಿಟ್ಟೆನ್‌ಬರ್ಗಿನ ಕೋಟೆಯ ಚರ್ಚು ಸಕಲ ಸಂತರ ಹೆಸರಿನದೇ. ಮರುದಿನ ಅಲ್ಲಿ ಸಂತರ ಅವಶೇಷಗಳನ್ನು ಪ್ರದರ್ಶಿಸುವ ಉತ್ಸವ. ಪರ್ಗೆಟರಿಯೇ ಇಲ್ಲವೆಂದ ಮೇಲೆ ಮೃತರಿಗಾಗಿ ಗಂಟೆಯೇಕೆ, ರೊಟ್ಟಿಯೇಕೆ? ಇಂಗ್ಲೆಂಡಿನಲ್ಲಿ 1547ರ ಶಾಸನವು ಮೃತರಿಗಾಗಿ ಪೂಜೆ ನಡೆಸುತ್ತಿದ್ದ ದತ್ತಿಗುಡಿಗಳನ್ನು ರದ್ದುಪಡಿಸಿತು. ಎಲಿಜಬೆತ್ ರಾಣಿಯ ಕಾಲದಲ್ಲಿ ಸಂತರ ರಾತ್ರಿಯ ಗಂಟೆಗಳೂ ನಿಷಿದ್ಧವಾದುವು. 1560ರಲ್ಲಿ ಸ್ಕಾಟ್ಲೆಂಡಿನ ಸುಧಾರಕರು ಸಂತರ ದಿನಗಳನ್ನೆಲ್ಲ ತಳ್ಳಿಹಾಕಿದರು. 1647ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಕ್ರಿಸ್ಮಸ್ಸನ್ನೂ ಈಸ್ಟರನ್ನೂ ಸಹ ನಿಲ್ಲಿಸಿತು. ಅಮೆರಿಕದ ಮೆಸಾಚುಸೆಟ್ಸ್ ವಸಾಹತಿನಲ್ಲಿ ಕ್ರಿಸ್ಮಸ್ ಆಚರಿಸಿದವರಿಗೆ ಐದು ಷಿಲಿಂಗ್ ದಂಡವೆಂಬ ಶಾಸನ 1659ರಿಂದ 1681ರವರೆಗೆ ಜಾರಿಯಲ್ಲಿದ್ದಿತು. ಇಂದಿನ ಮುಚ್ಚಿದ ಬಾಗಿಲುಗಳ ಮೂಲಪುರುಷರು ಈ ಪ್ಯೂರಿಟನರು. ದೇವರು ವಿಧಿಸದ ದಿನವನ್ನು ಮನುಷ್ಯನು ಪವಿತ್ರವೆನ್ನಬಾರದು ಎಂಬುದು ಅವರ ವಾದ. ಅದರಲ್ಲಿ ಜಡತನವಿರಲಿಲ್ಲ, ದೇವರ ಮುಂದೆ ಮನುಷ್ಯನು ಮಧ್ಯವರ್ತಿಗಳಿಲ್ಲದೆ ನಿಲ್ಲಬೇಕೆಂಬ ಕಠೋರವಾದ ಶ್ರದ್ಧೆಯಿದ್ದಿತು.

ಶಾಸನವು ಪೂಜೆಯನ್ನು ಅಳಿಸಿತೇ ಹೊರತು ಆಟವನ್ನು ಅಳಿಸಲಾರದೆ ಹೋಯಿತು. ಪ್ರೆಸ್ಬಿಟೇರಿಯನ್ ಸ್ಕಾಟ್ಲೆಂಡಿನಲ್ಲಿಯೇ ಹ್ಯಾಲೊವೀನ್ ಚೆನ್ನಾಗಿ ಉಳಿಯಿತು. ಹುಡುಗರು ಮುಖಕ್ಕೆ ಮಸಿ ಬಳಿದು ವೇಷ ಹಾಕಿ ತಿರುಗುತ್ತಿದ್ದರು. ಹುಡುಗಿಯರು ಒಲೆಯಲ್ಲಿ ಕಾಯಿಬೀಜಗಳನ್ನು ಸುಟ್ಟು ತಮ್ಮ ಮದುವೆಯ ಶಕುನ ನೋಡುತ್ತಿದ್ದರು. ರಾಬರ್ಟ್ ಬರ್ನ್ಸ್ ಕವಿಯು 1785ರಲ್ಲಿ ಬರೆದ ದೀರ್ಘಕವಿತೆಯೊಂದು ಈ ಆಟಗಳ ವರ್ಣನೆಯೇ ಆಗಿದೆ. 1845ರಲ್ಲಿ ತೊಡಗಿದ ಆಲೂಗೆಡ್ಡೆಯ ಕ್ಷಾಮದಿಂದ ಲಕ್ಷಾಂತರ ಐರಿಷ್ ಜನರು ಅಮೆರಿಕಕ್ಕೆ ಹೋದಾಗ ಹಬ್ಬವೂ ಅವರೊಡನೆ ಕಡಲು ದಾಟಿತು. ಟರ್ನಿಪ್ ಗೆಡ್ಡೆಯನ್ನು ಕೊರೆದು ಮಾಡುತ್ತಿದ್ದ ದೀಪಕ್ಕೆ ಅಲ್ಲಿ ಕುಂಬಳಕಾಯಿ ಒದಗಿತು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಹುಡುಗರ ಪುಂಡಾಟ ಮಿತಿಮೀರಿದಾಗ ಊರಿನ ಹಿರಿಯರು ಅದನ್ನು ಮಿಠಾಯಿಯ ಕಡೆಗೆ ತಿರುಗಿಸಿದರು. ಎರಡನೆಯ ಮಹಾಯುದ್ಧದ ಸಕ್ಕರೆಯ ಪಡಿತರ 1947ರಲ್ಲಿ ಮುಗಿದ ಬಳಿಕ ಈ ಪದ್ಧತಿ ದೇಶದಲ್ಲೆಲ್ಲ ಹರಡಿತು. ಮೃತರ ಆತ್ಮಕ್ಕಾಗಿ ಬೇಡಿದ ರೊಟ್ಟಿ ಹೀಗೆ ಅಂಗಡಿಯ ಮಿಠಾಯಿಯಾಯಿತು.

ಆಟವಾಗಿ ನಿಂತ ಹಬ್ಬಕ್ಕೆ ಹೊಸ ವಿರೋಧ ಹುಟ್ಟಿದುದು ಇಲ್ಲಿಂದ ಮುಂದೆ. ಯೆಹೋವನ ಸಾಕ್ಷಿಗಳೆಂಬ ಪಂಥದವರು 1920ರ ದಶಕದ ಕೊನೆಗೆ ಕ್ರಿಸ್ಮಸ್ಸನ್ನೇ ಬಿಟ್ಟರು. ಹುಟ್ಟುಹಬ್ಬವೂ ಹ್ಯಾಲೊವೀನೂ ಅವರಿಗೆ ವರ್ಜ್ಯ. ಆ ಶತಮಾನದ ಉತ್ತರಾರ್ಧದಲ್ಲಿ ಮೂಲತತ್ವವಾದಿಗಳಾದ ಅನೇಕ ಪ್ರಾಟೆಸ್ಟಂಟ್ ಕುಟುಂಬಗಳು ಅದೇ ಹಾದಿಯನ್ನು ಹಿಡಿದುವು. ಶಕುನ ಕೇಳುವುದನ್ನೂ ಮೃತರನ್ನು ಕರೆಯುವುದನ್ನೂ ನಿಷೇಧಿಸುವ ಧರ್ಮೋಪದೇಶಕಾಂಡದ ಹದಿನೆಂಟನೆಯ ಅಧ್ಯಾಯವೇ ಅವರಿಗೆ ಆಧಾರ. ಪಿಶಾಚಿಯು ನಿಜವಾಗಿಯೂ ಇದ್ದಾನೆಂದು ನಂಬುವವನು ಮಗುವಿಗೆ ಪಿಶಾಚಿಯ ವೇಷ ಹಾಕುವುದೆಂತು? ನೆರೆಮನೆಯವನಿಗೆ ಅದು ಬಣ್ಣದ ಬಟ್ಟೆ. ಇವನಿಗೆ ಅದು ಶತ್ರುವಿನ ಸಮವಸ್ತ್ರ. ಒಂದೇ ಬೀದಿಯಲ್ಲಿ ಆ ರಾತ್ರಿಯನ್ನು ಹಳೆಯ ಐರಿಷ್ ರೈತನಂತೆ ಭಯದಿಂದ ಕಾಣುವವನು, ದೀಪವಾರಿಸಿ ಕುಳಿತ ಈ ಗೃಹಸ್ಥನೊಬ್ಬನೇ.

ತಂದೆತಾಯಿಗಳ ತರ್ಕ ಹೀಗೆ ನೇರವಾದುದು. ಅದರ ಭಾರವನ್ನು ಹೊರಬೇಕಾದವರು ಮಕ್ಕಳು. ಶಾಲೆಯಲ್ಲಿ ವೇಷಗಳ ಮೆರವಣಿಗೆ ನಡೆಯುವಾಗ ಒಂದು ಮಗು ಬೇರೆಯಾಗಿ ಕುಳಿತಿರಬೇಕು; ಮರುದಿನ ಗೆಳೆಯರು ಮಿಠಾಯಿ ಎಣಿಸುವಾಗ ಮಾತಿಲ್ಲದೆ ನಿಲ್ಲಬೇಕು. ಇಂತಹ ಬಾಲ್ಯದ ಅತ್ಯುತ್ತಮ ದಾಖಲೆ ನಮಗೆ ದೊರೆಯುವುದು ಹ್ಯಾಲೊವೀನಿನ ವಿಷಯದಲ್ಲಿ ಅಲ್ಲ, ಕ್ರಿಸ್ಮಸ್ಸಿನ ವಿಷಯದಲ್ಲಿ. ನಿರಾಕರಣದ ಬೇರು ಒಂದೇ ಆದುದರಿಂದ ಅದನ್ನು ಇಲ್ಲಿ ಹೇಳುವುದು ಉಚಿತ.

ಫಿಲಿಪ್ ಹೆನ್ರಿ ಗಾಸ್ ಎಂಬಾತನು ಸಮುದ್ರಜೀವಿಗಳನ್ನು ಕುರಿತು ಬರೆದು ಹೆಸರಾದ ಆಂಗ್ಲೇಯ ವಿಜ್ಞಾನಿ. ಪ್ಲಿಮತ್ ಸೋದರರೆಂಬ ನಿಷ್ಠಾವಂತ ಪಂಥದವನು. ಅವನ ಮಗ ಎಡ್ಮಂಡ್ ಗಾಸ್ ಸಾಹಿತ್ಯವಿಮರ್ಶಕನಾಗಿ ಬೆಳೆದು 1907ರಲ್ಲಿ ತಂದೆ ಮತ್ತು ಮಗ ಎಂಬ ಅರ್ಥದ ಹೆಸರಿನ ಆತ್ಮಕಥೆಯನ್ನು ಪ್ರಕಟಿಸಿದನು. ತಾಯಿ ತೀರಿಕೊಂಡ 1857ನೆಯ ಇಸವಿಯ ಕ್ರಿಸ್ಮಸ್ ದಿನದ ಸಂಗತಿಯನ್ನು ಅವನು ಅದರಲ್ಲಿ ಹೇಳುತ್ತಾನೆ. ಆಗ ಅವನಿಗೆ ಎಂಟು ವರ್ಷ. ಆ ದಿನದ ಊಟದಲ್ಲಿ ಯಾವ ವಿಶೇಷವೂ ಇರಕೂಡದೆಂದು ತಂದೆಯ ಆಜ್ಞೆ. ಅಡಿಗೆಮನೆಯ ಸೇವಕಿಯರು ತಮಗಾಗಿ ಗುಟ್ಟಾಗಿ ಒಂದು ಸಣ್ಣ ಕಡುಬನ್ನು ಮಾಡಿಕೊಂಡಿದ್ದರು. ಮಗುವಿನ ಮೇಲೆ ಕನಿಕರಗೊಂಡು ಅವನಿಗೂ ಒಂದು ಹೋಳನ್ನು ಕೊಟ್ಟರು. ತಿಂದ ಮೇಲೆ ಹೊಟ್ಟೆ ನೊಂದಿತು, ಮನಸ್ಸೂ ನೊಂದಿತು. ತಾನು ವಿಗ್ರಹಕ್ಕೆ ಒಪ್ಪಿಸಿದುದನ್ನು ತಿಂದೆನೆಂದು ಅಳುತ್ತ ಮಗು ತಂದೆಯ ಬಳಿಗೆ ಓಡಿತು. ತಂದೆಯು ಮಗನ ಕೈಹಿಡಿದುಕೊಂಡು ಅಡಿಗೆಮನೆಗೆ ನುಗ್ಗಿ, ಉಳಿದ ಕಡುಬನ್ನು ತಟ್ಟೆಸಹಿತ ಎತ್ತಿಕೊಂಡು ಹೋಗಿ, ಕಸದ ಗುಂಡಿಯ ಬೂದಿಯಲ್ಲಿ ಎಸೆದು ಮುಚ್ಚಿಬಿಟ್ಟನು.

ಈ ಪ್ರಸಂಗದಲ್ಲಿ ಗಮನಿಸಬೇಕಾದುದು ತಂದೆಯ ಕೋಪವೊಂದೇ ಅಲ್ಲ. ಯಾರೂ ನೋಡದಿದ್ದರೂ ಮಗು ತಾನಾಗಿ ಓಡಿಹೋಗಿ ಒಪ್ಪಿಕೊಂಡಿತು. ನಿರಾಕರಣವು ಹೊರಗಿನ ಆಜ್ಞೆಯಾಗಿ ಉಳಿಯದೆ ಎಂಟು ವರ್ಷದ ಎದೆಯೊಳಕ್ಕೆ ಇಳಿದಿದ್ದಿತು. ಮುಂದೆ ಮಗನು ತಂದೆಯ ಪಂಥವನ್ನು ಬಿಟ್ಟನು. ಆದರೂ ಆ ತಂದೆಯನ್ನು ಅವನು ಕ್ರೂರಿಯೆಂದು ಚಿತ್ರಿಸಿಲ್ಲ. ಮಗನ ಆತ್ಮವನ್ನು ಉಳಿಸಬೇಕೆಂಬ ಪ್ರೀತಿಯಿಂದಲೇ ಅವನ ಬಾಲ್ಯವನ್ನು ಬರಿದುಮಾಡಿದವನೆಂದು ಚಿತ್ರಿಸಿದ್ದಾನೆ. ಐವತ್ತು ವರ್ಷಗಳು ಕಳೆದರೂ ಆ ಒಂದು ಹೋಳು ಕಡುಬನ್ನು ಅವನು ಮರೆಯಲಿಲ್ಲ. ಬಯಸಿದಷ್ಟು ತಿಂದ ಮಕ್ಕಳಲ್ಲಿ ಆ ವರ್ಷದ ಕಡುಬನ್ನು ನೆನೆದವರೆಷ್ಟು ಮಂದಿ?

ಬೇರೆಯಾಗಿ ನಿಲ್ಲುವ ಮಗುವಿನ ಪ್ರಶ್ನೆ ಒಮ್ಮೆ ಅಮೆರಿಕದ ಅತ್ಯುಚ್ಚ ನ್ಯಾಯಾಲಯದವರೆಗೂ ಹೋಯಿತು. 1935ರಲ್ಲಿ ಪೆನ್ಸಿಲ್ವೇನಿಯದ ಮೈನರ್ಸ್‌ವಿಲ್ ಊರಿನಲ್ಲಿ ಯೆಹೋವನ ಸಾಕ್ಷಿಗಳ ಪಂಥದ ಹನ್ನೆರಡು ವರ್ಷದ ಹುಡುಗಿಯೂ ಹತ್ತು ವರ್ಷದ ಅವಳ ತಮ್ಮನೂ ಧ್ವಜವಂದನೆಯನ್ನು ವಿಗ್ರಹಾರಾಧನೆಯೆಂದು ಒಲ್ಲದೆ ಶಾಲೆಯಿಂದ ಹೊರಬಿದ್ದರು. 1940ರಲ್ಲಿ ನ್ಯಾಯಾಲಯವು ಶಾಲೆಯ ಪಕ್ಷವನ್ನು ಎತ್ತಿಹಿಡಿಯಿತು. ಎಂಟು ನ್ಯಾಯಾಧೀಶರು ಒಂದು ಕಡೆ, ಒಬ್ಬನೇ ಒಂದು ಕಡೆ. ಮೂರೇ ವರ್ಷಗಳಲ್ಲಿ, 1943ರ ಜೂನ್ 14ರಂದು, ಅದೇ ನ್ಯಾಯಾಲಯವು ಬೇರೊಂದು ಮೊಕದ್ದಮೆಯಲ್ಲಿ ಆರಕ್ಕೆ ಮೂರರಂತೆ ತನ್ನ ತೀರ್ಪನ್ನು ತಿರುಗಿಸಿ, ಮನಸ್ಸೊಪ್ಪದ ಮಗುವನ್ನು ವಂದಿಸೆಂದು ಬಲಾತ್ಕರಿಸಕೂಡದೆಂದು ಹೇಳಿತು. ಶಾಲೆಯಲ್ಲಿ ಬೇರೆಯಾಗಿ ಕುಳಿತ ಮಗುವಿಗೆ ಗೌರವದ ಒಂದು ಸ್ಥಾನ ಈ ತೀರ್ಪಿನಿಂದ ದೊರೆಯಿತು. ಮನೆಯೊಳಗಣ ಬಲಾತ್ಕಾರದ ವಿಷಯವನ್ನು ಯಾವ ನ್ಯಾಯಾಲಯ ತೀರ್ಮಾನಿಸಬಲ್ಲುದು?

ಬಹಳ ದಿನ ಬಾಗಿಲು ಮುಚ್ಚಿಕೊಂಡಿರುವುದು ಮನುಷ್ಯಸ್ವಭಾವಕ್ಕೆ ಕಷ್ಟ. ಹಬ್ಬವನ್ನು ಒಲ್ಲದ ಅನೇಕ ಚರ್ಚುಗಳು ಅದೇ ಸಂಜೆ ಸುಗ್ಗಿಯ ಉತ್ಸವವೆಂಬ ಹೆಸರಿನಲ್ಲಿ ಮಕ್ಕಳನ್ನು ಕೂಡಿಸುತ್ತವೆ. ಪಿಶಾಚಿಯ ಬದಲು ನೋಹ, ದಾವೀದ, ಎಸ್ತೇರರ ವೇಷ. ಮಿಠಾಯಿ ಮಾತ್ರ ಅದೇ. ಲೂಥರನ ಅನುಯಾಯಿಗಳಿಗೆ ಅಕ್ಟೋಬರ್ 31 ಮತಸುಧಾರಣೆಯ ದಿನ. 1950ರಲ್ಲಿ ಫಿಲಡೆಲ್ಫಿಯದ ಪ್ರೆಸ್ಬಿಟೇರಿಯನ್ ಪಾದ್ರಿಯೊಬ್ಬನ ಮನೆಯಲ್ಲಿ ಇನ್ನೊಂದು ದಾರಿ ಹೊಳೆಯಿತು: ಮಕ್ಕಳು ಮಿಠಾಯಿಯ ಜೊತೆಗೆ ಯುದ್ಧದಿಂದ ನೊಂದ ಪರದೇಶದ ಮಕ್ಕಳಿಗಾಗಿ ಕಾಸನ್ನೂ ಬೇಡಿದರು. ಯುನಿಸೆಫ್ ಸಂಸ್ಥೆಗಾಗಿ ಮಕ್ಕಳು ಹಣ ಕೂಡಿಸುವ ಪದ್ಧತಿ ಅಲ್ಲಿಂದ ಬೆಳೆಯಿತು. ಕಾಣದ ಆತ್ಮಗಳಿಗಾಗಿ ಮನೆಮನೆಯಲ್ಲಿ ಬೇಡುತ್ತಿದ್ದ ಹಳೆಯ ಬಡವರ ಆಚಾರಕ್ಕೆ, ಆ ಆಚಾರವನ್ನು ಅಳಿಸಿದ ಸಂಪ್ರದಾಯದ ಮನೆಯೊಂದೇ ಹೀಗೆ ಹೊಸ ಜೀವವನ್ನು ಕೊಟ್ಟಂತಾಯಿತು.

ಈ ಚರಿತ್ರೆಯಿಂದ ಯಾವ ಪಕ್ಷಕ್ಕೂ ಜಯಘೋಷ ಹೊರಡುವುದಿಲ್ಲ. ಆಚರಿಸಿದವರು ಮಕ್ಕಳಿಗೆ ಸಂತೋಷವನ್ನು ಕೊಟ್ಟರು, ಆದರೆ ಹಬ್ಬದ ಅರ್ಥವನ್ನು ಕಳೆದುಕೊಂಡರು. ಒಲ್ಲದವರು ಅರ್ಥವನ್ನು ಕಾಪಾಡಿದರು, ಆದರೆ ಅದರ ಬೆಲೆಯನ್ನು ಮಕ್ಕಳ ಕೈಯಿಂದ ತೆರಿಸಿದರು. ಒಂದು ಮನೆಯು ಯಾವ ಹಬ್ಬವನ್ನು ಮಾಡುವುದೆಂಬುದು ಆ ಮನೆಯ ಧರ್ಮಕ್ಕೆ ಬಿಟ್ಟುದು. ಆದರೆ ಏಕೆ ಮಾಡುವುದಿಲ್ಲವೆಂಬುದನ್ನು ಮಗುವಿಗೆ ಪ್ರೀತಿಯಿಂದ ತಿಳಿಯಹೇಳುವುದೂ, ಬೆಳೆದ ಮೇಲೆ ಅದು ಬೇರೆ ದಾರಿ ಹಿಡಿದರೆ ಬಾಗಿಲನ್ನು ಅದಕ್ಕೂ ಮುಚ್ಚದಿರುವುದೂ ಹಿರಿಯರ ಕೈಯಲ್ಲಿದೆ. ಗಾಸ್ ಮನೆಯ ಬೂದಿಯಲ್ಲಿ ಹೂತುಹೋದ ಕಡುಬು ನಮಗೆ ನೆನಪಿಸುವುದು ಇಷ್ಟನ್ನೇ.