ಋಣದ ಲೆಕ್ಕ

ಪೂರ್ಣಾಂಕಗಳ ಪಾಠದಲ್ಲಿ ‘ಋಣ ಸಂಖ್ಯೆ’ ಬರುವ ಹೊತ್ತಿಗೆ ಮಕ್ಕಳಿಗೆ ಋಣ ಹೊಸ ಮಾತೇನಲ್ಲ. ಬರವಣಿಗೆಯಲ್ಲಿ ಋಣ, ಬಾಯಲ್ಲಿ ರುಣ. ವರ್ಗವಾಗಿ ಹೊರಟ ಮೇಷ್ಟ್ರು ‘ಈ ಊರಿನ ಅನ್ನದ ಋಣ ಮುಗೀತು’ ಅನ್ನುತ್ತಾರೆ. ಗೊತ್ತಾದ ಮದುವೆ ಮುರಿದರೆ ಅಜ್ಜಿ ‘ಋಣಾನುಬಂಧ ಇರಲಿಲ್ಲ ಬಿಡು’ ಅನ್ನುತ್ತಾಳೆ. ಸೈಟು ಕೊಳ್ಳುವವರು ಋಣಭಾರ ಪತ್ರ ತೆಗೆಸುತ್ತಾರೆ, ಅದನ್ನು ‘ಇ.ಸಿ.’ ಅಂತಲೇ ಕರೆದರೂ.

ಸಾಲಕ್ಕೆ ಬಡ್ಡಿಯಿದೆ, ವಾಯಿದೆಯಿದೆ, ತೀರಿಸಿದರೆ ಮುಗಿಯಿತು. ಹೆತ್ತವರ ಋಣಕ್ಕೆ ಕಂತು ಕಟ್ಟಲಾಗದು. ಈ ಭಾರವನ್ನೆಲ್ಲ ಇಳಿಸಿ ಗಣಿತ ಎತ್ತಿಕೊಂಡದ್ದು ಬರೀ ಸಾಲದ ಅರ್ಥವನ್ನು. ಕ್ರಿ.ಶ. 628ರ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಬ್ರಹ್ಮಗುಪ್ತ ಧನ, ಋಣ, ಶೂನ್ಯ ಮೂರಕ್ಕೂ ಕೂಡುವ, ಕಳೆಯುವ, ಗುಣಿಸುವ ನಿಯಮ ಹೇಳಿದ. ಜೇಬಿನಲ್ಲಿ 5 ರೂಪಾಯಿ, ಅಂಗಡಿ ಬಾಕಿ 8. ಕೂಡಿದರೆ ಋಣ 3. ಇಷ್ಟನ್ನು ಬಾಕಿ ಬರೆಸಿ ಬೆಲ್ಲ ತಂದ ಹುಡುಗನಿಗೆ ಯಾರೂ ಹೇಳಿಕೊಡಬೇಕಿಲ್ಲ. ಪುಸ್ತಕದವರು ‘ಋಣಾತ್ಮಕ’ ಎಂದು ಬಾಲ ಅಂಟಿಸಿ ಅದನ್ನು ಯಾಕೆ ದೂರ ಮಾಡಿದರೋ!

ಪೇಚು ಶುರುವಾಗುವುದು ಗುಣಾಕಾರದಲ್ಲಿ. ಋಣವನ್ನು ಋಣದಿಂದ ಗುಣಿಸಿದರೆ ಧನ. ‘ಸಾಲಕ್ಕೆ ಸಾಲ ಗುಣಿಸಿದ್ರೆ ದುಡ್ಡು ಎಲ್ಲಿಂದ ಬರುತ್ತೆ ಸಾರ್?’ ಅಂದರೆ, ‘ಮೈನಸ್ ಇಂಟು ಮೈನಸ್ ಪ್ಲಸ್, ಬರ್ಕೊಳ್ರೋ’ ಅನ್ನುವುದೇ ಬಹಳ ಕಡೆ ಉತ್ತರ. ಹುಡುಗನ ಪ್ರಶ್ನೆ ನ್ಯಾಯವಾದದ್ದೇ. ಸಾಲಕ್ಕೆ ಸಾಲ ಗುಣಿಸುವುದು ಅಂತ ಒಂದಿಲ್ಲ. ಅಂಗಡಿಯಾತ ಲೆಕ್ಕದ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದಿದ್ದ ತಲಾ 10 ರೂಪಾಯಿಯ ಮೂರು ಬಾಕಿಗಳನ್ನು ಹೊಡೆದುಹಾಕಿದ ಅನ್ನಿ. ಹತ್ತರ ಮುಂದಿನ ಮೈನಸ್ಸು ಬಾಕಿಯದ್ದು, ಮೂರರ ಮುಂದಿನದು ಹೊಡೆದುಹಾಕಿದ್ದರದ್ದು. ಕೈಗೆ ಕಾಸು ಬರದಿದ್ದರೂ ನೀವು 30 ರೂಪಾಯಿ ಮೇಲೆ ಬಂದಿರಿ.

ಆದರೆ ಸಾಲದ ಕತೆ ವರ್ಗಮೂಲದವರೆಗೆ ನಡೆಯುವುದಿಲ್ಲ. ನೃಪತುಂಗನ ಕಾಲದಲ್ಲಿ ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯ, ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಹಾಗಾಗಿ ಅದಕ್ಕೆ ವರ್ಗಮೂಲವಿಲ್ಲ ಎಂದುಬಿಟ್ಟ. ಬಿಡಿಸಲಾಗದ್ದನ್ನು ಹಾಗೆ ನೇರವಾಗಿ ಹೇಳುವ ಧೈರ್ಯ ನನಗಿಷ್ಟ.

ಭಾಸ್ಕರಾಚಾರ್ಯನ ಹೊತ್ತಿಗೆ ಋಣ ಅಂಗಡಿಯಿಂದಲೇ ಹೊರಬಿದ್ದಿತ್ತು. ಸಂಖ್ಯೆಯ ತಲೆಯ ಮೇಲೊಂದು ಚುಕ್ಕಿಯಿಟ್ಟರೆ ಅದು ಋಣ. ‘ಲೀಲಾವತಿ’ಯಲ್ಲಿ ಒಂದು ತ್ರಿಭುಜವಿದೆ: ಬಾಹುಗಳು 10 ಮತ್ತು 17, ಪಾದ 9. ಮೇಲಿನ ಶೃಂಗದಿಂದ ಲಂಬ ಇಳಿಬಿಟ್ಟರೆ ಪಾದ ಎರಡು ತುಂಡಾಗಬೇಕು. ಲೆಕ್ಕ ಮಾಡಿದರೆ ಒಂದು ತುಂಡು 15, ಇನ್ನೊಂದು ಋಣ 6. ಭಾಸ್ಕರ ಗಾಬರಿಯಾಗಲಿಲ್ಲ, ಋಣವೆಂದರೆ ಇಲ್ಲಿ ವಿರುದ್ಧ ದಿಕ್ಕು ಎಂದು ವಿವರಿಸಿದ. ಲಂಬ ಪಾದದ ಮೇಲೆ ಬೀಳದೆ, 10ರ ಬಾಹುವಿರುವ ತುದಿಯಿಂದ ಆರು ಅಳತೆ ಹೊರಗೆ ಬೀಳುತ್ತದೆ. ಯಾರು ಯಾರಿಗೂ ಏನೂ ಕೊಡಬೇಕಾಗಿಲ್ಲ. 100ರಲ್ಲಿ 36 ಕಳೆಯಿರಿ, 289ರಲ್ಲಿ 225 ಕಳೆಯಿರಿ: ಎರಡೂ ಕಡೆ 64, ಲಂಬದ ಎತ್ತರ 8.